ಎಡಗಾಲಿನ ಚಪ್ಪಲಿ

ಅಪ್ಪಾ,

ಎದ್ದ ಕೂಡಲೇ ಚಪ್ಪಲಿ ಹುಡುಕಬೇಡ. ಎಡಗಾಲಿನದು ನನ್ನ ಚೀಲದಲ್ಲಿದೆ.

ಬೆಳಿಗ್ಗೆ ಹಾಲಿಗೆ ಹೋದಾಗ ಅದು ಕೆಳಗಿನ ಮೆಟ್ಟಿಲಲ್ಲಿ ಬಿದ್ದಿತ್ತು. ನಿನ್ನೆ ಒಂದೇ ಚಪ್ಪಲಿಯಲ್ಲಿ ಮೇಲೆ ಹತ್ತಿ ಬಂದಿದ್ದೀಯ, ನಿನಗೆ ಗೊತ್ತೇ ಆಗಿಲ್ಲ. ಹೋದ ವಾರ ಸೊಂಟನೋವಿಗೆ ತೋರಿಸೋಕೆ ಹೋದಾಗ, ಕಾಲು ಜೋಮು ಹಿಡಿಯುತ್ತಾ ಅಂತ ಡಾಕ್ಟರು ಕೇಳಿದ್ದಕ್ಕೆ ನೀನು "ಇಲ್ಲ ಸಾರ್, ಬರೀ ಸೊಂಟ" ಅಂದೆ. ಪಕ್ಕದಲ್ಲಿ ನಾನೂ ಪೆದ್ದನ ಹಾಗೆ ತಲೆಯಾಡಿಸಿದೆ.

ಆವತ್ತಿನಿಂದ ಮನೆಯಲ್ಲಿ ಇದೇ ಪಂಚಾಯಿತಿ. ಅಮ್ಮ ವ್ಯಾಯಾಮ ಅಂತಾಳೆ, ಚಿಕ್ಕಪ್ಪ ಇಂಜೆಕ್ಷನ್ ಅಂತಾನೆ, ಆಪರೇಷನ್ ಅಂದರೆ ನೀನು ಎದ್ದು ಹೋಗ್ತೀಯ. ನಿನ್ನ ಸುಳ್ಳನ್ನ ತಕ್ಕಡಿಯಲ್ಲಿಟ್ಟು ನಾವೆಲ್ಲ ತೂಗಿದ್ದೇ ತೂಗಿದ್ದು. ಜೋಮು ಇದ್ದರೆ ಚಿಕಿತ್ಸೆಯೇ ಬೇರೆ ಅಂತ ಡಾಕ್ಟರು ಹೇಳಿದ್ದು ನಿನಗೂ ಕೇಳಿಸಿದೆ.

ಹೆದರಿಕೆ ಅಂದಿದ್ದರೆ ನಾನೇನು ನಗ್ತಿದ್ದೆನಾ? ಸೊಂಟ ಕಟ್ಟಿ ನಿಲ್ಲಬೇಕು ಅಂತ ಊರಿಗೆಲ್ಲ ಉಪದೇಶ. ನೀನು ಕಟ್ಟಿರೋದು ಬರೀ ಬೆಲ್ಟು, ಅದೂ ಸಡಿಲ.

ಈಗ ಆಸ್ಪತ್ರೆಗೆ ಟೋಕನ್ ತರೋಕೆ ಹೋಗ್ತಿದ್ದೀನಿ. ಚಪ್ಪಲಿ ಡಾಕ್ಟರ ಮೇಜಿನ ಮೇಲಿಟ್ಟು ಇದ್ದದ್ದು ಇದ್ದಂಗೆ ಹೇಳ್ತೀನಿ. ಬೈದರೆ ಬೈಯಲಿ.

ಇವತ್ತು ನೀನು ಟೈಲ್ಸ್ ಕೆಲಸಕ್ಕೆ ಬರಲ್ಲ ಅಂತ ಮೇಸ್ತ್ರಿಗೆ ಹೇಳಿ ಆಯ್ತು. ನನ್ನ ಹಳೇ ಚಪ್ಪಲಿ ಮೆಟ್ಟಿಕೊಂಡು ಹೋಗೋಣ ಅನ್ಕೋಬೇಡ, ಮಂಚದ ಕೆಳಗೆ ಗೋಡೆವರೆಗೂ ತಳ್ಳಿದ್ದೀನಿ. ಬಗ್ಗಿ ತೆಗೆಯೋಕೆ ನಿನ್ನಿಂದ ಆಗಲ್ಲ.

ಹಾಲು ಕಾಯಿಸಿದ್ದೀನಿ. ಅಮ್ಮ ಎದ್ದ ಮೇಲೆ ಈ ವಿಷಯ ನೀನೇ ಬಾಯಿಬಿಡು. ಅಂಗಿ ಹಾಕ್ಕೊಂಡು ಕೂತಿರು, ಬಂದು ಕರ್ಕೊಂಡು ಹೋಗ್ತೀನಿ.

ಆಪರೇಷನ್ ಅಂದರೆ ನನಗೂ ಭಯ. ಎಡಗಾಲಿಗೆ ಚಪ್ಪಲಿ ನಾನೇ ಹಾಕ್ತೀನಿ.