ಹುಲಿಗೆವ್ವನ ಹೆಸರು ಬರೆಸಿ

ಇಳಕಲ್ಲು, ಫೆಬ್ರವರಿ ಮೂವತ್ತು, ೨೨೧೯

ನಾಟಕ ಕಂಪನಿಯ ಮಾಲೀಕರಾದ ಈರಸಂಗಪ್ಪನವರಿಗೆ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳು ಯಾವ ತಿಂಗಳಿಗೂ ಸೇರದ ರಜೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಿಮ್ಮಲ್ಲಿ ಕ್ಷಮೆ ಕೇಳುವುದು ಅದೊಂದಕ್ಕೆ ಮಾತ್ರ. ನಾನು ಗವಿಸಿದ್ದಮ್ಮ, ನಿಮ್ಮ ಕಂಪನಿಯಲ್ಲಿ ಪರದೆಯ ಹಿಂದೆ ನಿಂತು ಹಾಡುವ ಹುಲಿಗೆವ್ವನ ಏಳನೆಯ ತಲೆಮಾರಿನವಳು. ಈ ಪತ್ರ ನಿಮಗೆ ಶುಕ್ರವಾರವೇ ಸಿಗುವಂತೆ ಕಳಿಸಿದ್ದೇನೆ. ಹೇಗೆಂದು ತಿಳಿದು ನಿಮಗೆ ಆಗಬೇಕಾದ್ದೇನೂ ಇಲ್ಲ.

ನಮ್ಮ ಕಾಲದ ಬಂಡಿಗಳಿಗೆ ಚಾಲಕರಿಲ್ಲ. ಶನಿವಾರ ಬಂತೆಂದರೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಕುಷ್ಟಗಿಗೆ ನಾಟಕ ನೋಡಲು ಹೊರಡುತ್ತೇವೆ. ದಾರಿಯುದ್ದಕ್ಕೂ ಕೇಳುವುದು ‘ಮರುಗಾಳಿ’. ಬಂಡಿ ಯಾವ ಊರು ದಾಟುತ್ತದೋ ಆ ಊರಿನಲ್ಲಿ ಹಿಂದೆಂದೋ ಕೇಳಿಬಂದಿದ್ದ ರೇಡಿಯೊವನ್ನು ಹೆಕ್ಕಿ ಕೊಡುವ ಪೆಟ್ಟಿಗೆ ಅದು. ಒಂದೂರಲ್ಲಿ ಹತ್ತಿಯ ಧಾರಣೆ, ಇನ್ನೊಂದರಲ್ಲಿ ಯಾರದೋ ಮದುವೆಯ ದಿನಕ್ಕೆಂದು ಕೇಳಿದ ಹಾಡು. ಮಕ್ಕಳು ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ಎಂದೋ ಸತ್ತವರ ಹುಟ್ಟುಹಬ್ಬಕ್ಕೆ ಶುಭಾಶಯ ಕೂಗುತ್ತವೆ. ಕುಷ್ಟಗಿ ಹತ್ತಿರವಾದಾಗ ಮಾತ್ರ ಎಲ್ಲರೂ ಸುಮ್ಮನಾಗುತ್ತೇವೆ. ಅಲ್ಲಿ ಹುಲಿಗೆವ್ವ ಹಾಡುತ್ತಾಳೆ.

ನಡೆಯಲಿರುವುದು ಇಷ್ಟು. ನಾಳೆ ಶನಿವಾರ ಇಳಕಲ್ಲಿನ ಆಟದಲ್ಲಿ ನಿಮ್ಮ ನಾಯಕಿ ರೂಪಕಲಾ ರಂಗದ ಮೇಲೆ ಬರೀ ತುಟಿ ಆಡಿಸುತ್ತಾಳೆ, ಹುಲಿಗೆವ್ವ ಪರದೆಯ ಹಿಂದಿನಿಂದ ಹಾಡುತ್ತಾಳೆ. ಜನ ನಾಲ್ಕು ಸಲ ‘ಒನ್ಸ್ ಮೋರ್’ ಕೂಗುತ್ತಾರೆ; ಹಾರ ರೂಪಕಲಾಳ ಕೊರಳಿಗೆ. ರೆಕಾರ್ಡ್ ಮಾಡಿಕೊಂಡ ರೇಡಿಯೊದವರು ಹಾಡಿದವರು ಯಾರೆಂದು ಕೇಳಿದಾಗ ನೀವು ರೂಪಕಲಾಳ ಹೆಸರನ್ನೇ ಬರೆಸುತ್ತೀರಿ. ಭಾನುವಾರ ಕುಷ್ಟಗಿಯ ಆಟಕ್ಕೆ ಹೊರಟ ವ್ಯಾನಿನಲ್ಲಿ, ಊರು ಹತ್ತಿರವಾದಾಗ, ರೇಡಿಯೊದಲ್ಲಿ ಆ ಹಾಡು ಬರುತ್ತದೆ. ಹಿಂದಿನ ಸೀಟಿನಲ್ಲಿ ವೇಷದ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡ ಹುಲಿಗೆವ್ವ, “ಮಾಲಕರ, ಅದು ನನ್ನ ದನಿರಿ” ಎನ್ನುತ್ತಾಳೆ. ನೀವು ತಿರುಗಿಯೂ ನೋಡದೆ, “ಪರದೆ ಹಿಂದ ಹಾಡಾಕಿಗೆ ಹೆಸರು ಯಾಕ ಬೇಕಬೇ?” ಎನ್ನುತ್ತೀರಿ. ವ್ಯಾನಿನಲ್ಲಿದ್ದವರೆಲ್ಲ ನಗುತ್ತಾರೆ. ಅವಳು ಕುಷ್ಟಗಿಯಲ್ಲಿ ಇಳಿದು ಕಂಪನಿಯನ್ನೇ ಬಿಟ್ಟು ಹೋಗುತ್ತಾಳೆ. ಆಮೇಲೆ ತನ್ನ ಮಗುವಿನ ತೊಟ್ಟಿಲ ಮುಂದೆಯೂ ಹಾಡುವುದಿಲ್ಲ. ಅವಳ ದನಿಯೆಂದು ನಮಗೆ ಉಳಿದದ್ದು ಆ ಮೂರು ನಿಮಿಷ. ಅದು ಮುಗಿದೊಡನೆ ಪ್ರತಿ ಸಲವೂ ಬೇರೆಯವಳ ಹೆಸರು. ಏಳು ತಲೆಮಾರು ಹಲ್ಲು ಕಡಿದಿದ್ದೇವೆ.

ಹಲ್ಲು ಕಡಿದು ಸುಮ್ಮನೆ ಕೂರುವ ಮಂದಿ ನಾವಲ್ಲ. ನಿಮ್ಮ ಮೇಲೇ ನಾಟಕ ಕಟ್ಟಿದ್ದೇವೆ; ಶನಿವಾರ ಕುಷ್ಟಗಿಯಲ್ಲಿ ಆಡುವುದು ಅದನ್ನೇ. ನಿಮ್ಮ ಹೆಸರು, ಊರು, ಮೀಸೆ ಯಾವುದನ್ನೂ ಬದಲಿಸಿಲ್ಲ. ವ್ಯಾನಿನ ದೃಶ್ಯದಲ್ಲಿ ನೀವು ಆ ಮಾತು ಆಡಿದ ಕೂಡಲೇ ಹುಲಿಗೆವ್ವ ಎದ್ದು ನಿಮ್ಮ ಕಪಾಳಕ್ಕೆ ಬಾರಿಸುತ್ತಾಳೆ. ಜನ ಒನ್ಸ್ ಮೋರ್ ಕೂಗುತ್ತಾರೆ. ಕೂಗಿದಷ್ಟು ಸಲ ಬಾರಿಸಲೇಬೇಕು, ನೀವೇ ನಡೆಸಿಕೊಂಡು ಬಂದ ಪದ್ಧತಿ. ಕಳೆದ ವಾರ ಹನ್ನೊಂದು ಸಲ. ನಿಮ್ಮ ಪಾತ್ರ ಮಾಡುವವನು ನಿಮ್ಮ ವಂಶದವನೇ. ಪಾಪ, ಒಳ್ಳೆಯ ನಟ, ಬಾವು ಇಳಿಯುವುದರೊಳಗೆ ಮುಂದಿನ ಆಟ ಬಂದಿರುತ್ತದೆ.

ತಪ್ಪಿಸಿಕೊಳ್ಳಲು ದಾರಿಯಿದೆ. ರೇಡಿಯೊದವರು ಕೇಳಿದಾಗ ಹುಲಿಗೆವ್ವ ಎಂದು ಬರೆಸಿ. ಆಗ ಅವಳು ಕಂಪನಿ ಬಿಡುವುದಿಲ್ಲ, ಇನ್ನೆಷ್ಟು ಹಾಡು ನಮಗೆ ಉಳಿಸಿ ಹೋಗುತ್ತಾಳೋ, ನಮ್ಮ ನಾಟಕಕ್ಕೆ ಕಥೆಯೇ ಇರುವುದಿಲ್ಲ. ಇದು ನಮ್ಮ ಮನೆಯ ಹಿರಿಯರೆಲ್ಲರ ಬೇಡಿಕೆ. ಅವರ ಮಾತಿಗೆ ಕಟ್ಟುಬಿದ್ದು ಬರೆದಿದ್ದೇನೆ.

ನಿಮಗೆ ಮನಸ್ಸಾಗದಿದ್ದರೆ ನನಗೇನೂ ಬೇಸರವಿಲ್ಲ. ಮುಂದಿನ ಶನಿವಾರದಿಂದ ಹುಲಿಗೆವ್ವನ ಪಾತ್ರ ನನ್ನದು.

ಗವಿಸಿದ್ದಮ್ಮ