ಬರೀ ನೆಗಡಿ ಎಂದ ಮಹಾನಂದಾ ಅಜ್ಜಿಗೆ

ಹಿನ್ನೀರು ಓಣಿ, ಬಾಗಲಕೋಟೆ
ಆಗಸ್ಟ್ 32, 2156

ಪ್ರೀತಿಯ ಮಹಾನಂದಾ ಅಜ್ಜಿಯವರಿಗೆ,

ಮೇಲಿನ ತಾರೀಖು ನೋಡಿ ಈ ಹುಡುಗಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಕಾಲದ ಮೇ ತಿಂಗಳ ಬಿಸಿಲನ್ನು ಯಾರಿಂದಲೂ ತಡೆಯಲಾಗುವುದಿಲ್ಲ. ಅದಕ್ಕೇ ಸರಕಾರದವರು ಮೇ ತಿಂಗಳಿಂದ ಕೆಲವು ದಿನ ಕಿತ್ತು ಮಳೆಗಾಲದ ತಿಂಗಳುಗಳಿಗೆ ಹಂಚಿದ್ದಾರೆ. ಬಿಸಿಲೇನೂ ಕಡಿಮೆಯಾಗಲಿಲ್ಲ, ಮೇ ಬೇಗ ಮುಗಿಯಿತು ಎಂಬ ಸಮಾಧಾನ ಮಾತ್ರ ಸಿಕ್ಕಿತು! ನನ್ನ ಕನ್ನಡವನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ನಡುನಡುವೆ ನಮ್ಮ ಕಾಲದ ಮಾತುಗಳು ಬಂದರೆ ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಇಂಚರಾ. ನಿಮ್ಮ ಮಗನ ಮರಿಮಗ ರುದ್ರಮುನಿಯವರ ಹೆಂಡತಿ. ಮೊನ್ನೆ ಮೇ ತಿಂಗಳಲ್ಲಿ ಮದುವೆಯಾಯಿತು. ನಮ್ಮ ಕಡೆ ಹೊಸ ಸೊಸೆ ಮೊದಲ ವರ್ಷದಲ್ಲಿ ಗಂಡನ ಮನೆಯ ಹಿಂದಿನ ಹೆಣ್ಣುಮಗಳೊಬ್ಬಳಿಗೆ ಓಲೆ ಬರೆದು ಹಿನ್ನೀರಿಗೆ ಬಿಡಬೇಕು. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಎಲ್ಲರೂ ಆಶೀರ್ವಾದ ಬೇಡಿ ಬರೆಯುತ್ತಾರೆ. ನಾನೂ ಹಾಗೇ ಬರೆಯಬೇಕೆಂದಿದ್ದೆ, ದೇವರಾಣೆ. ಆದರೆ ಅಜ್ಜಿ, ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟು ಬಂದಿದೆ ಎಂದರೆ ಆಶೀರ್ವಾದದ ಮಾತು ಪೆನ್ನಿನ ತುದಿಗೆ ಬರುತ್ತಿಲ್ಲ.

ಮೊದಲು ಅವರ ಬಗ್ಗೆ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ತಡೆಯಲಾಗುವುದಿಲ್ಲ. ನಿಮ್ಮ ರುದ್ರಮುನಿ ಎಂಥ ಚೆಂದ ಗೊತ್ತೇ! ಹೆಸರಷ್ಟೇ ಗಂಭೀರ. ಬೆಳಗ್ಗೆ ಹಲ್ಲುಜ್ಜುವಾಗಲೂ ಹಾಡುತ್ತಾರೆ. ಕೆಲಸ ಹಡಗಿನದು. ನಿಮ್ಮ ಕಾಲದ ಹಿನ್ನೀರು ಈಗ ಇನ್ನೂ ಅಗಲವಾಗಿದೆ. ಸಂತೆಗೆ ಹೋಗುವವರು, ಶಾಲೆಯ ಮಕ್ಕಳು, ಎಮ್ಮೆ, ಈರುಳ್ಳಿ ಚೀಲ, ಎಲ್ಲವೂ ಹಡಗಿನಲ್ಲೇ ದಾಟುತ್ತವೆ. ನೀರಿನೊಳಗೆ ಹಳೆಯ ಊರಿನ ಗೋಡೆಗಳಿವೆ. ಅವು ಎಲ್ಲೆಲ್ಲಿವೆ ಎಂಬುದನ್ನು ಚುಕ್ಕಾಣಿ ಹಿಡಿದವನು ತಲೆಯಲ್ಲಿಟ್ಟುಕೊಂಡಿರಬೇಕು. ಇಷ್ಟು ದಿನ ಸಣ್ಣ ದೋಣಿ ನಡೆಸುತ್ತಿದ್ದವರಿಗೆ ಈ ಸೋಮವಾರದಿಂದ ದೊಡ್ಡ ಹಡಗಿನ ಚುಕ್ಕಾಣಿ ಸಿಗುವುದಿತ್ತು. ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದಿದ್ದರು.

ಜೂನ್‌ನಲ್ಲಿ ಅವರಿಗೆ ಎಳೆಜ್ವರ ಬಂತು. ನಿಮ್ಮ ಕಾಲದ ಆ ಕೊರೊನಾ ಇದೆಯಲ್ಲ, ಅದರ ಮರಿ ಮೊಮ್ಮಕ್ಕಳು ಇನ್ನೂ ನಮ್ಮ ನಡುವೆ ಓಡಾಡಿಕೊಂಡಿವೆ. ಹಗುರವಾಗಿ ಬಂದು ಹೋದರೆ ಎಳೆಜ್ವರ ಎನ್ನುತ್ತೇವೆ. ಎರಡು ದಿನ ಗಂಟಲು ಕೆರೆತ, ಸ್ವಲ್ಪ ಮೈಕೈ ನೋವು, ಅಷ್ಟೇ. ಆಮೇಲೆ ಒರೆಮನೆಗೆ ಹೋಗಬೇಕೆಂಬುದು ನಿಯಮ. ಒರೆಮನೆ ಎಂದರೆ ಜ್ವರ ಬಿಟ್ಟವರ ಮೂಗು, ನೆನಪು, ನಡಿಗೆ ನೋಡುವ ಜಾಗ. ಇವರು ಹೋಗಲಿಲ್ಲ. "ಬರೀ ನೆಗಡಿಗೆ ಯಾರರ ಹೋಗತಾರೇನ?" ಎಂದರು. ನಾನು ಹೊಸಬಳು, ಸುಮ್ಮನಾದೆ.

ಅಲ್ಲಿಂದಾಚೆಗೆ ನನ್ನನ್ನು ಹೆಸರು ಹಿಡಿದು ಕರೆಯುವುದು ನಿಂತುಹೋಯಿತು. "ಕೇಳಿಲ್ಲಿ", "ಬಾರ ಇಲ್ಲಿ" ಎನ್ನತೊಡಗಿದರು. ನನಗೋ ಪುಳಕ! ಹಳೆಯ ಕಾಲದ ಗಂಡಂದಿರ ಹಾಗೆ ಎಷ್ಟು ಮುದ್ದಾಗಿ ಕರೆಯುತ್ತಾರೆ ಎಂದು ಗೆಳತಿಯರಿಗೆಲ್ಲ ಹೇಳಿದೆ. ಒಲೆಯ ಮೇಲೆ ಒಗ್ಗರಣೆ ಕರಟಿ ಮನೆ ತುಂಬ ಹೊಗೆಯಾದರೂ ಪಕ್ಕದಲ್ಲೇ ಕೂತು ಹಾಡುತ್ತಿದ್ದರು. ನನ್ನ ಅಡುಗೆಯಲ್ಲಿ ತಪ್ಪು ಹುಡುಕಬಾರದೆಂಬ ಪ್ರೀತಿ ಎಂದುಕೊಂಡೆ. ಬೆರಳು ಜೋಮು ಹಿಡಿದಿದೆ ಎಂದು ಕೈ ಕೊಡವುತ್ತಿದ್ದರು. ಹಗ್ಗ ಎಳೆದ ದಣಿವೆಂದು ಎಣ್ಣೆ ಹಚ್ಚಿದೆ. ಇಷ್ಟು ಓದಿದವಳು ನಾನು, ನನಗೇ ಹೊಳೆಯಲಿಲ್ಲ.

ಪಂಚಮಿಗೆ ತವರಿಗೆ ಹೋಗಿದ್ದೆ, ಮುಧೋಳಕ್ಕೆ. ಕರೆದೊಯ್ಯಲು ಇವರು ಬಂದರು. ಒಡಪು ನಿಮಗೆ ಗೊತ್ತೇ ಇದೆ. ಹೆಂಡತಿಯ ಹೆಸರನ್ನು ಪದ ಕಟ್ಟಿ ಹೇಳದೆ ಅಳಿಯ ಹೊಸ್ತಿಲು ದಾಟುವಂತಿಲ್ಲ. ಮದುವೆಯ ದಿನ ಎಷ್ಟು ಚೆಂದ ಹೇಳಿದ್ದರು! "ಹಿನ್ನೀರಿನ ಮ್ಯಾಲ ಹಕ್ಕಿ ಹಾರ್‍ಯಾವ ಹತ್ತು, ಇಂಚರಾ ನಕ್ಕರ ಉದುರತಾವ ಮುತ್ತು." ಈ ಸಲ ನಮ್ಮ ಚಿಕ್ಕಮ್ಮಂದಿರು ಬಾಗಿಲಿಗೆ ಅಡ್ಡ ನಿಂತರು. ಹಕ್ಕಿ ಹಾರಿದವು. ಆಮೇಲೆ ಏನೂ ಬರಲಿಲ್ಲ. ಇವರು ಬಾಯಿ ತೆರೆದುಕೊಂಡು ನಿಂತರು. "ಅಯ್ಯ, ಅಳಿಯಗ ನಾಚಿಕಿ ಬಂತ ನೋಡ್ರೆ!" ಎಂದು ಒಬ್ಬರು. "ಎರಡ ತಿಂಗಳದಾಗ ಮುತ್ತು ಖಾಲಿ ಆದೂ ಏನಪ್ಪಾ?" ಎಂದು ಇನ್ನೊಬ್ಬರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ಶೇಂಗಾ ಉಂಡಿಯ ತಟ್ಟೆ ಹಿಡಿದು ನಗುತ್ತಿದ್ದೆ, ಅವರ ಕಣ್ಣು ನೋಡುವ ತನಕ. ಅದು ನಾಚಿಕೆಯಲ್ಲ ಅಜ್ಜಿ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಹೆಸರನ್ನು ಹುಡುಕುತ್ತಿದ್ದರು.

ಮನೆಗೆ ಬಂದ ಮೇಲೆ ಕೇಳಿದೆ, "ನನ್ನ ಹೆಸರು ಹೇಳ್ರಿ."

"ಹೇಣ್ತಿ ಹೆಸರು ಹಂಗ ಬಾಯಿಗೆ ತರಬಾರದು," ಎಂದರು!

ಎಂಥ ಹೊತ್ತಿಗೆ ಎಂಥ ಸಂಪ್ರದಾಯ! ಸೋಮವಾರ ದೊಡ್ಡ ಹಡಗು ಹತ್ತುವವರು ಇವರೇ. ನೀರಿನೊಳಗಿನ ಗೋಡೆಯೊಂದು ನನ್ನ ಹೆಸರಿನ ಹಾಗೆ ನಡುನೀರಿನಲ್ಲಿ ಮರೆತುಹೋದರೆ? ಅತ್ತೆಯ ಮುಂದೆ ಕಣ್ಣೀರು ಹಾಕಿದೆ. ಒರೆಮನೆಗೆ ನೀವಾದರೂ ಕಳಿಸಿ ಎಂದೆ. ಆಗ ಅತ್ತೆ ನಿಮ್ಮ ಹೆಸರು ತೆಗೆದರು.

"ಯವ್ವಾ, ಅಂಜಬ್ಯಾಡ. ನಮ್ಮ ಮಹಾನಂದಾ ಅಜ್ಜಿಗೂ ಕೊರೊನಾ ಬಂದಾಗ ಹಿಂಗ ಆಗಿತ್ತಂತ. ಚಾಕ್ಕ ಉಪ್ಪು ಹಾಕಿ ಬೀಗರಿಗೆ ಕೊಟ್ಟಿದ್ದಳಂತ. ಸಂತಿಗೆ ಹೋಗಿ ಯಾಕ ಬಂದೆ ಅನ್ನೋದ ಮರತು ಬರಿಗೈಲೆ ಬಂದಿದ್ದಳಂತ. ಬರೀ ನೆಗಡಿ, ಬರೀ ನೆಗಡಿ ಅಂತಿದ್ದಳಂತ. ಏನಾತು? ತೊಂಬತ್ತರ ತನಕ ಗಟ್ಟಿ ಇದ್ದಳು!"

ಈ ಕಥೆಯನ್ನು ನಮ್ಮ ಮದುವೆಯಲ್ಲೂ ಹೇಳಿ ನಗಿಸಿದ್ದರು. ನಾನೂ ನಕ್ಕಿದ್ದೆ. ಈಗ ನಿಮ್ಮ ಉಪ್ಪಿನ ಚಹಾವೇ ಇವರಿಗೆಲ್ಲ ಸಾಕ್ಷಿ. ಅಜ್ಜಿಗೆ ಏನೂ ಆಗಲಿಲ್ಲ, ಆದ್ದರಿಂದ ಮೊಮ್ಮಗನಿಗೂ ಏನೂ ಆಗಿಲ್ಲ. ಇದಕ್ಕೆ ನಾನು ಯಾವ ಗೋಡೆಗೆ ತಲೆ ಚಚ್ಚಿಕೊಳ್ಳಲಿ?

ನಮ್ಮಲ್ಲಿ ರೋಗಿ ತಾನೇ ಹೋಗದಿದ್ದರೆ ಗಂಡ ಅಥವಾ ಹೆಂಡತಿ ಹೋಗಿ ಒರೆಮನೆಯಲ್ಲಿ ತಿಳಿಸಬಹುದು. ಹಾಗೆ ಮಾಡಿದವರನ್ನು ಓಣಿಯಲ್ಲಿ ಯಾರೂ ಮಾತಾಡಿಸುವುದಿಲ್ಲ, ಅದು ಬೇರೆ ಮಾತು. ಭಾನುವಾರ ಹೋದೆ. ದಾರಿಯುದ್ದಕ್ಕೂ ಅಳುತ್ತಾ ಹೋದೆ. ಒರೆಮನೆಯವರು ಇವರನ್ನು ಕರೆಸಿದರು. ಅಲ್ಲಿಯ ನರವೈದ್ಯೆ ಬಹಳ ಒಳ್ಳೆಯವರು. ಕಣ್ಣು ಕಟ್ಟಿ ಮೂಗಿನ ಹತ್ತಿರ ಇಂಗು ಹಿಡಿದರು, ಬೆಳ್ಳುಳ್ಳಿ ಹಿಡಿದರು. "ಏನೂ ಇಟ್ಟಿಲ್ಲಲ್ಲ," ಎಂದರು ನನ್ನ ಗಂಡ. ಲಟ್ಟಣಿಗೆ ತೋರಿಸಿದರೆ "ರೊಟ್ಟಿ... ಅಲ್ಲ, ಅದೇ, ಉದ್ದಂದು" ಎಂದರು. ಆಗ ಅವರ ಮುಖದ ಮೇಲೂ ಭಯ ಬಂತು. ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡರು, ಆಮೇಲೆ ನನ್ನ ಮೇಲಿನ ಸಿಟ್ಟು ನೆನಪಾಗಿ ಬಿಟ್ಟರು.

ಹೆಚ್ಚಿನವರಿಗೆ ಇದು ತಾನಾಗಿ ತಿಳಿಯಾಗುತ್ತದೆ, ಕೆಲವರಿಗೆ ನಿಧಾನ, ಕೆಲವರಿಗೆ ಪೂರ್ತಿ ಹೋಗುವುದಿಲ್ಲ ಎಂದರು ವೈದ್ಯೆ. ಯಾರಿಗೆ ಹೇಗೆ ಎಂಬುದು ನಮ್ಮ ಕಾಲದಲ್ಲಿ ಮನೆತನ ನೋಡಿ ಸ್ವಲ್ಪ ಮಟ್ಟಿಗೆ ಅಂದಾಜಾಗುತ್ತದೆ. "ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಹೀಗಾಗಿತ್ತೇ?" ಎಂದು ಕೇಳಿದರು. ನಾನು ಎದ್ದು ನಿಂತು ನಿಮ್ಮ ಹೆಸರು ಹೇಳಿದೆ. ಅವರ ಮುಖ ಅರಳಿತು. "ಎಷ್ಟು ದಿನಕ್ಕೆ ಸರಿಹೋಯಿತು?"

ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿಲ್ಲ! ಅದೇ ವರ್ಷ ಆಸ್ಪತ್ರೆ ಸೇರಿದ್ದ ನಿಮ್ಮ ಮೈದುನನ ಒಂದೊಂದು ದಿನವೂ ಈ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಆಮ್ಲಜನಕ ಹಚ್ಚಿದ್ದು, ತೆಗೆದದ್ದು, ಮನೆಗೆ ಬಂದು ಮೊದಲು ಉಂಡ ನುಚ್ಚು ಮಜ್ಜಿಗೆ. ನೀವು ಮನೆಯಲ್ಲೇ ಇದ್ದಿರಿ, ಓಡಾಡಿಕೊಂಡಿದ್ದಿರಿ, ಎಲ್ಲರಿಗೂ ಅಡುಗೆ ಮಾಡಿ ಹಾಕಿದಿರಿ. ಆದ್ದರಿಂದ ನಿಮ್ಮನ್ನು ಯಾರೂ ಕೇಳಲಿಲ್ಲ, ನೀವೂ ಹೇಳಲಿಲ್ಲ. ಸಂತೆಯ ನಡುವೆ ನಿಂತು ಯಾಕೆ ಬಂದೆ ಎಂದು ತಿಳಿಯದಾಗ ನಿಮಗೆ ಎಷ್ಟು ಹೆದರಿಕೆಯಾಗಿರಬೇಕು! ಅದನ್ನು ನೀವೇ ನಗೆ ಮಾಡಿಬಿಟ್ಟಿರಿ. ನಗೆ ನಮ್ಮ ತನಕ ಬಂತು, ಉಳಿದದ್ದು ಬರಲಿಲ್ಲ.

ದೊಡ್ಡ ಹಡಗನ್ನು ಬೇರೆಯವರಿಗೆ ಕೊಟ್ಟರು. ಅತ್ತೆ ನನ್ನ ಕೈಯಿಂದ ನೀರೂ ತೆಗೆದುಕೊಳ್ಳುತ್ತಿಲ್ಲ. ಇವರು ಹೊರಗೆ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಿದ್ದಾರೆ. ಹಾಡು ನಿಂತಿದೆ. ಹೋಗಿ ಪಕ್ಕದಲ್ಲಿ ಕೂತರೆ ಎದ್ದು ಹೋಗುವುದಿಲ್ಲ, ಅಷ್ಟೇ ನನ್ನ ಪುಣ್ಯ. ಬೈದುಕೊಂಡದ್ದಕ್ಕೆ ಕ್ಷಮಿಸಿ ಅಜ್ಜಿ. ನನಗೆ ಬೇರೆ ಯಾರನ್ನು ಬೈಯಬೇಕೋ ತಿಳಿಯಲಿಲ್ಲ.

ಈ ಓಲೆ ನಿಮ್ಮ ಕೈ ಸೇರಿದರೆ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಮೂಗಿಗೆ ಮತ್ತೆ ವಾಸನೆ ಹತ್ತಿದ ದಿನ, ತಡವರಿಸದೆ ಒಂದು ಮಾತು ಪೂರ್ತಿ ಆಡಿದ ದಿನ, ಅಡುಗೆಮನೆಯಲ್ಲಿ ಒಬ್ಬರೇ ಸಮಾಧಾನ ಪಟ್ಟುಕೊಂಡು ಸುಮ್ಮನಾಗಬೇಡಿ. ಉಣ್ಣುತ್ತಿದ್ದವರನ್ನು ಎಬ್ಬಿಸಿ, ಮಗನನ್ನು ಎಳೆದು ಕೂರಿಸಿ, ಇಷ್ಟು ದಿನ ನನಗೆ ಹೀಗಾಗಿತ್ತು, ಇವತ್ತು ಹೋಯಿತು ಎಂದು ಹೇಳಿ. ಹೋಗದಿದ್ದರೆ ಹೋಗಲಿಲ್ಲವೆಂದೇ ಹೇಳಿ. ಎಷ್ಟು ದಿನವಾದರೂ ನಾನು ಕಾಯುತ್ತೇನೆ. ಎಷ್ಟು ದಿನ ಎಂಬುದನ್ನು ಮಾತ್ರ ಯಾರಾದರೂ ನನಗೆ ಹೇಳಬೇಕು.

ನಿಮ್ಮ ಮನೆಯ ಸೊಸೆ,
ಇಂಚರಾ