ನೀನು ಹಾಕಿಸಿಹೋದ ಚಕ್ರಗಳು

ಅಂಗಡಿಯ ಮೇಲಿನ ಕೋಣೆ,
ಬುಧವಾರ, ಹನ್ನೆರಡನೇ ತಾರೀಖು

ಪ್ರೀತಿಯ ತಮ್ಮಾ,

ಅಮ್ಮನ ಕೈ ಮುರಿದಿರುವುದನ್ನು ಹೇಳದೆಯೇ ನಿನಗೆ ಬರೆದು ಮುಗಿಸುವುದರಲ್ಲಿದ್ದೆ. ನಿನ್ನೆ ಒಂದು ಪತ್ರ ಬರೆದು, ನಾವೆಲ್ಲ ಕ್ಷೇಮ ಅಂತ ಸೇರಿಸಿ, ಮಡಚಿಯೂ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಅಮ್ಮ ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಹೆಣಗುತ್ತಿದ್ದಳು. ನಾನು ಬಾಚಣಿಗೆ ಕೇಳಿದರೆ ಕೊಡಲಿಲ್ಲ. ಮೇಲೆ ಬಂದವಳೇ ಆ ಪತ್ರವನ್ನು ಹರಿದುಹಾಕಿದೆ. ಗಾಬರಿಯಾಗಬೇಡ. ಬಲಗೈ ಮಣಿಕಟ್ಟಿನ ಹತ್ತಿರ ಮುರಿದಿದೆ, ಪ್ಲಾಸ್ಟರ್ ಹಾಕಿದ್ದಾರೆ, ಮೂಳೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ.

ನೀನು ಹೇಗಿದ್ದೀಯ? ಹಡಗಿನ ಎಂಜಿನ್ ಕೋಣೆಯ ಸದ್ದಿಗೆ ಕಿವಿಯೊಳಗೆ ಗುಂಯ್‌ಗುಟ್ಟುತ್ತದೆ ಎಂದಿದ್ದೆಯಲ್ಲ, ಈಗ ಕಡಿಮೆಯಾಗಿದೆಯೇ? ಹತ್ತಿ ತುರುಕಿಕೊಂಡು ಸುಮ್ಮನಾಗಬೇಡ, ಬಂದರಿನಲ್ಲಿ ಇಳಿದಾಗ ಯಾರಿಗಾದರೂ ತೋರಿಸು. ಭಾನುವಾರದ ಫೋನಿನಲ್ಲಿ ಇದನ್ನೆಲ್ಲ ಕೇಳಬೇಕೆಂದುಕೊಳ್ಳುತ್ತೇನೆ, ಆದರೆ ಆ ಫೋನು ಹೇಗೆ ನಡೆಯುತ್ತದೆ ಎಂದು ನಿನಗೆ ಗೊತ್ತಿಲ್ಲ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು, ಆ ಕಡೆ ಅಪ್ಪ ಈ ಕಡೆ ಅಮ್ಮ ಕೂತಿರುತ್ತಾರೆ. ಕಳೆದ ಭಾನುವಾರ ನೀನು "ಅಮ್ಮಾ, ಹೇಗಿದ್ದೀಯ?" ಎಂದಾಗ ಅಮ್ಮ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟು ನನ್ನನ್ನೇ ನೋಡುತ್ತಾ, "ಕಲ್ಲು ಗುಂಡಿನ ಹಾಗಿದ್ದೀನಿ ಮರಿ" ಎಂದಳು. ಫೋನಿಟ್ಟ ಮೇಲೆ ನನಗೆ ಬುದ್ಧಿವಾದ: "ಅವನು ನೀರಿನ ಮಧ್ಯೆ ಇದ್ದಾನೆ, ಕೇಳಿ ಏನು ಮಾಡ್ತಾನೆ ಪಾಪ. ನಿನ್ನ ಬಾಯಿಗೆ ಬೀಗ ಇರಲಿ." ಮೂವತ್ತೆಂಟು ವರ್ಷದ ನಿನ್ನನ್ನು ಅವರಿಬ್ಬರೂ ಇನ್ನೂ ಮರಿ ಅನ್ನುತ್ತಾರೆ. ನನ್ನನ್ನು ಏನಂದು ಕರೆಯುತ್ತಾರೆ ಎಂದು ಈಗ ಯೋಚಿಸಿದೆ. ಕರೆಯುವುದೇ ಇಲ್ಲ. "ಇಲ್ಲಿ ಬಾ" ಅನ್ನುತ್ತಾರೆ, ನಾನು ಹೋಗುತ್ತೇನೆ.

ಆದ್ದರಿಂದ ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅಮ್ಮನ ಕೈ ಮುರಿದದ್ದು ನೀನು ಹಿಂದಿನ ರಜೆಯಲ್ಲಿ ಅಪ್ಪನ ಹಳೆಯ ಕಾರಿಗೆ ಹಾಕಿಸಿಹೋದ ಚಕ್ರಗಳಿಂದ.

ಆ ದಿನ ನಿನಗೆ ನೆನಪಿರಬಹುದು. ನಾಲ್ಕು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ನಮ್ಮ ಟೈರಿನ ಅಂಗಡಿ ಮುಂದೆ ಇಳಿಸಿ, ಅಪ್ಪನ ಕಣ್ಣು ಮುಚ್ಚಿಸಿ ಹೊರಗೆ ಕರೆದುಕೊಂಡು ಬಂದೆ. ಕಡ್ಡಿಕಡ್ಡಿಯಾಗಿ ಹೊಳೆಯುವ ಹದಿನೇಳು ಇಂಚಿನ ಅಲಾಯ್ ಚಕ್ರಗಳು, ಅವಕ್ಕೆ ಆಗಲೇ ಅಗಲವಾದ ಕರಿ ಟೈರು. ಅಪ್ಪನ ಮುಖ ಅರಳಿತು. ನಾನು ಟೇಪು ತೆಗೆದುಕೊಂಡು ಬಂದೆ. ಗಿರಾಕಿಗೆ ಹೇಳುವ ಹಾಗೆಯೇ ನಿನಗೂ ಹೇಳಿದೆ. ಬೋಲ್ಟಿನ ತೂತುಗಳು ಹೊಂದಿದ ಮಾತ್ರಕ್ಕೆ ಚಕ್ರ ಹೊಂದಿದಂತಲ್ಲ. ನಡುವಿನ ದೊಡ್ಡ ತೂತು ನಮ್ಮ ಗಾಡಿಯ ಅಚ್ಚಿನ ತುದಿಯ ಹಬ್‌ಗಿಂತ ಅಗಲ, ಆ ಸಂದಿಗೆ ಬಳೆ ಹಾಕದಿದ್ದರೆ ಚಕ್ರ ಸರಿಯಾಗಿ ನಡುವಿಗೆ ಕೂರದೆ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಚಕ್ರ ಎಷ್ಟು ಒಳಗೆ ಕೂರಬೇಕು, ಎಷ್ಟು ಹೊರಗೆ ಚಾಚಬೇಕು ಎನ್ನುವ ಅಳತೆ, ಆಫ್‌ಸೆಟ್ ಅನ್ನುತ್ತಾರಲ್ಲ, ಅದು ನಮ್ಮ ಗಾಡಿಯದಲ್ಲ; ಈ ಚಕ್ರಗಳು ಹೊರಕ್ಕೆ ಬರುತ್ತವೆ. ರಿಮ್ ದೊಡ್ಡದಾದಷ್ಟೂ ಟೈರಿನ ಪಕ್ಕದ ರಬ್ಬರು ಗಿಡ್ಡವಾಗಬೇಕು, ಆಗ ಮಾತ್ರ ಒಟ್ಟು ಎತ್ತರ ಹಿಂದಿನಷ್ಟೇ ಉಳಿಯುತ್ತದೆ. ನೀನು ನೋಡಲು ತುಂಬಿಕೊಂಡಿರಲಿ ಎಂದು ದಪ್ಪದ್ದನ್ನೇ ಆರಿಸಿದ್ದೆ. ಗಾಡಿಯ ಮೇಲೆ ಭಾರ ಬಿದ್ದರೆ ಹಿಂದಿನ ಟೈರು ಮೇಲಿನ ತಗಡಿಗೆ ತಾಗುತ್ತದೆ ಎಂದೆ.

ನೀನು ನಕ್ಕೆ. "ಅಕ್ಕಾ, ನಿನಗೆ ದೇವರು ಪ್ರತ್ಯಕ್ಷ ಆದ್ರೂ ಮೊದಲು ಟೇಪು ಹಿಡೀತೀಯ. ನಾಲ್ಕು ಬೋಲ್ಟು ಕೂತ್ಕೊಂಡ್ವು ತಾನೇ?" ಎಂದೆ. ಅಪ್ಪನೂ ನಕ್ಕರು. ನನಗೆ ನಿಜವಾಗಿ ಚುಚ್ಚಿದ್ದು ನಿನ್ನ ನಗುವಲ್ಲ, ಅಪ್ಪನದು.

ಏಕೆಂದರೆ ಆ ಟೇಪು ಹಿಡಿಯುವುದನ್ನು ನನಗೆ ಕಲಿಸಿದವರು ಅಪ್ಪ. ಕ್ಯಾಟಲಾಗುಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ, ಮನೆಯಲ್ಲಿ ಓದುವವರೊಬ್ಬರು ಬೇಕು ಎಂದು ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವರೂ ಅವರೇ. ನಾನು ಯೂನಿಫಾರ್ಮಿನಲ್ಲೇ ಕೌಂಟರಿನ ಸ್ಟೂಲು ಹತ್ತಿ ಕೂತು ಅಳತೆಗಳನ್ನು ಗಟ್ಟಿಯಾಗಿ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊಳೆಯುವ ಚಕ್ರ ಬೇಕು ಎಂದು ಹಟ ಹಿಡಿದು ಬರುವ ಹುಡುಗರನ್ನು ಅವರು ಎಷ್ಟು ಸಲ ವಾಪಸು ಕಳಿಸಿಲ್ಲ! "ನಿನ್ನ ಗಾಡಿಗೆ ತಕ್ಕ ಚಕ್ರ ಕೇಳಪ್ಪ, ಕೊಡ್ತೀನಿ. ಚಕ್ರಕ್ಕೆ ತಕ್ಕ ಗಾಡಿ ಬೇಕಾದ್ರೆ ಶೋರೂಮಿಗೆ ಹೋಗು" ಎಂದು ನಿಂತ ಕಾಲಲ್ಲೇ ಹೇಳುತ್ತಿದ್ದರು. ಗಿರಾಕಿ ಮುನಿಸಿಕೊಂಡು ಹೋದರೂ ತಲೆ ಕೆಡಿಸಿಕೊಂಡವರಲ್ಲ. ಆ ಮನುಷ್ಯ ನಿನ್ನ ಚಕ್ರಗಳ ಮುಂದೆ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅಳೆಯಲಿಲ್ಲ.

ನೀನು ಹಡಗು ಹತ್ತಿದ ಮೇಲೆ ಶುರುವಾಯಿತು. ಸ್ಟೀರಿಂಗ್ ನಡುಗುವುದನ್ನು ಬಳೆ ತರಿಸಿ ನಾನು ಸರಿಮಾಡಿದೆ, ಅದು ಆಗುವ ಕೆಲಸ. ಆದರೆ ಹಿಂದೆ ಇಬ್ಬರು ಕೂತರೆ ಪ್ರತಿ ತಿರುವಿನಲ್ಲೂ ಟೈರು ತಗಡಿಗೆ ಉಜ್ಜಿ ಗರ್ ಎನ್ನುತ್ತಿತ್ತು. ನಮ್ಮ ಫಿಟ್ಟರ್ ಜ್ಯಾಕ್ ಮಾಮ, ನೀನು ಸಣ್ಣವನಿದ್ದಾಗಿನಿಂದ ಗಾಡಿ ಎತ್ತುತ್ತಲೇ ಇರುವವರು, ಒಂದು ದಿನ ತಡೆಯಲಾರದೆ, "ಅಲ್ಲಾ ಯಜಮಾನ್ರೇ, ಈ ಗಾಡಿ ನೋಡಿದ್ರೆ ಅಪ್ಪನ ಬೂಟು ಹಾಕ್ಕೊಂಡು ನಿಂತಿರೋ ಮಗು ಥರ ಇದೆ" ಎಂದರು. ಅಪ್ಪ ಮುಖ ಗಂಟಿಕ್ಕಿ ಒಳಗೆ ಹೋದರು. ಮುಂದಿನ ಭಾನುವಾರ, ಅಂಗಡಿ ಮುಚ್ಚಿದ್ದಾಗ, ಕತ್ತರಿಸುವ ಮೆಷಿನ್ನಿನ ಸದ್ದು ಕೇಳಿ ಇಳಿದುಬಂದೆ. ಅಪ್ಪ ಗಾಡಿಯ ಪಕ್ಕದಲ್ಲಿ ಮಲಗಿದ್ದರು. ಕಿಡಿ ಹಾರುತ್ತಿತ್ತು. ಹಿಂದಿನ ಚಕ್ರಗಳ ಮೇಲಿನ ತಗಡಿನ ಒಳ ಅಂಚನ್ನು ತಮ್ಮ ಕೈಯಾರೆ ಕೊಯ್ಯುತ್ತಿದ್ದರು.

ಇಪ್ಪತ್ತು ವರ್ಷದ ಆ ಗಾಡಿಯಲ್ಲಿ ನಾವು ಒಂದು ಸ್ಟಿಕ್ಕರ್ ಅಂಟಿಸಲೂ ಅವರು ಬಿಟ್ಟಿರಲಿಲ್ಲ. ನಾನು ಕೇಳುವ ಮುಂಚೆಯೇ ಅವರು ಮಲಗಿದಲ್ಲಿಂದಲೇ, "ಮರಿ ಆಸೆಪಟ್ಟು ಹಾಕಿಸಿದ್ದು" ಎಂದರು. ನಾನು ಮೇಲೆ ಬಂದುಬಿಟ್ಟೆ.

ಚಿಕ್ಕಮ್ಮ, ಚಿಕ್ಕಪ್ಪ ಬರುವ ದಿನ ಅಪ್ಪ ಅವರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೋದರು. ಅಮ್ಮನೂ ಹೋದಳು. ಚಿಕ್ಕಪ್ಪನ ಗಾತ್ರ ನಿನಗೆ ಗೊತ್ತು; ಜೊತೆಗೆ ಡಿಕ್ಕಿ ತುಂಬ ಸಾಮಾನು. ಸೇತುವೆ ಇಳಿದು ತಿರುಗುವಾಗ ಗಾಡಿಯ ಹಿಂಭಾಗ ತಗ್ಗಿತು, ಎಡಗಡೆಯ ಟೈರು ಒಡೆಯಿತು, ಗಾಡಿ ಜಾರಿ ರಸ್ತೆ ಮಧ್ಯದ ಕಟ್ಟೆಗೆ ಗುದ್ದಿತು. ಮುಂದೆ ಕೂತಿದ್ದ ಅಮ್ಮ ಮುಗ್ಗರಿಸದಂತೆ ಬಲಗೈ ಚಾಚಿ ತಡೆದುಕೊಂಡಳಂತೆ, ಆಗಲೇ ಮುರಿದದ್ದು. ನಾನು, ಜ್ಯಾಕ್ ಮಾಮ ಹೋಗುವಷ್ಟರಲ್ಲಿ ಅವರೆಲ್ಲ ಆಟೋ ಹತ್ತಿ ಆಸ್ಪತ್ರೆಗೆ ಹೋಗಿದ್ದರು. ಟೈರನ್ನು ನಾನೇ ಬಗ್ಗಿ ನೋಡಿದೆ. ಕಲ್ಲು ಬಡಿದಂತೆ ಹರಿದಿರಲಿಲ್ಲ. ಚಾಕುವಿನಲ್ಲಿ ಎಳೆದ ಹಾಗೆ ಪಕ್ಕದುದ್ದಕ್ಕೂ ನೆಟ್ಟಗೆ ಸೀಳಿತ್ತು. ಮೇಲಿನ ತಗಡನ್ನು ಬೆರಳಿನಿಂದ ಸವರಿದೆ, ಬೆರಳು ಕೊಯ್ದುಕೊಂಡಿತು. ಅಪ್ಪ ಅಂಚು ಕತ್ತರಿಸಿದ್ದರು, ಅರ ಹಾಕಿ ನಯ ಮಾಡಿರಲಿಲ್ಲ. ಟೈರು ತಾಗದಿರಲಿ ಎಂದು ಕೊಯ್ದ ಜಾಗವೇ ಟೈರನ್ನು ಕೊಯ್ದಿತ್ತು. ಚಕ್ರದ ನಟ್ಟುಗಳೆಲ್ಲ ಬಿಗಿಯಾಗಿ ಇದ್ದಲ್ಲೇ ಇದ್ದವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಅಪ್ಪ ನನ್ನನ್ನು ಕಂಡ ಕೂಡಲೇ ಕೇಳಿದ ಮೊದಲ ಮಾತು, "ನಟ್ಟು ಯಾರು ಬಿಗಿದಿದ್ದು?"

ಬಳೆ ಹಾಕಿದಾಗ ಬಿಗಿದವಳು ನಾನು. ಅದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಚಿಕ್ಕಮ್ಮ, "ಹೋಗಲಿ ಬಿಡಿ ಭಾವ, ಹೆಣ್ಣುಮಕ್ಕಳ ಕೈಗೆ ಅಷ್ಟು ಬಲ ಎಲ್ಲಿಂದ ಬರಬೇಕು" ಎಂದು ನನ್ನ ಪರವಾಗಿ ಮಾತಾಡಿದರು! ಚಿಕ್ಕಪ್ಪ ತಲೆಯಾಡಿಸಿದರು. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. "ನನಗೇನೂ ಅಷ್ಟು ನೋವಿಲ್ಲ" ಎಂದಳು. ಈಗ ಬಂದವರಿಗೆಲ್ಲ ಅದೇ ಕತೆ: ನಟ್ಟು ಸಡಿಲವಿತ್ತಂತೆ, ಮಗಳು ಬಿಗಿದಿದ್ದಂತೆ.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಹಿಂದೆ, ಎಳೆದು ತಂದು ನಿಲ್ಲಿಸಿದ್ದ ಗಾಡಿಯ ಪಕ್ಕ, ಅಪ್ಪ ಕುಕ್ಕುರುಗಾಲಲ್ಲಿ ಕೂತು ಆ ಅಂಚಿಗೆ ಅರ ಹಾಕುತ್ತಿದ್ದರು. ನಿಧಾನವಾಗಿ, ಎಷ್ಟು ನಾಜೂಕಾಗಿ ಎನ್ನುತ್ತೀಯ, ನನಗೆ ಕಲಿಸಿದ ಹಾಗೆಯೇ, ಉಜ್ಜಿ ಉಜ್ಜಿ ಹೆಬ್ಬೆರಳಿನಿಂದ ಸವರಿ ನೋಡುತ್ತಾ. ಬಣ್ಣದ ಡಬ್ಬಿ ಪಕ್ಕದಲ್ಲಿತ್ತು. ತಲೆ ಎತ್ತಿದರು. ನಾನು ನೋಡಿದ್ದನ್ನು ನೋಡಿದರು. "ಕೌಂಟರಿನಲ್ಲಿ ಯಾರೂ ಇಲ್ವಾ?" ಎಂದರು. ನಾನು ಕೌಂಟರಿಗೆ ಹೋದೆ. ಒಡೆದ ಟೈರಿನ ಬದಲಿಗೆ ಅದೇ ಅಳತೆಯದನ್ನು ತರಿಸಲು ಹೇಳಿದ್ದಾರೆ, ಶನಿವಾರ ಬರುತ್ತದೆ. ಮಂಗಳವಾರ ಅಮ್ಮನ ಕೈ ತೋರಿಸಲು ಆಸ್ಪತ್ರೆಗೆ ಹೋಗಬೇಕು. ಅದೇ ಗಾಡಿಯಲ್ಲಿ ತಾವೇ ಕರೆದುಕೊಂಡು ಹೋಗುತ್ತಾರಂತೆ. ಅಂಚು ನಯವಾದರೆ ಉಜ್ಜುವುದು ನಿಲ್ಲುವುದಿಲ್ಲ ತಮ್ಮಾ, ಸೀಳಲು ಸ್ವಲ್ಪ ಹೆಚ್ಚು ದಿನ ಹಿಡಿಯುತ್ತದೆ ಅಷ್ಟೆ.

ನನ್ನನ್ನೇ ಕೇಳಿಕೊಂಡೆ: ನನಗೆ ಸಿಟ್ಟು ಬಂದಿರುವುದು ಚಕ್ರದ ಮೇಲೋ, ನಿನ್ನ ಮೇಲೋ? ನೀನು ಪ್ರೀತಿಯಿಂದ ತಂದೆ, ಅದರಲ್ಲಿ ಅನುಮಾನವಿಲ್ಲ. ಅಪ್ಪನ ಮುಖ ಅರಳಿದ್ದನ್ನು ನಾನೂ ನೋಡಿದ್ದೇನೆ. ಅಂಥದ್ದೊಂದನ್ನು ನಾನು ಎಂದೂ ತಂದುಕೊಟ್ಟಿಲ್ಲ. ನಾನು ತಂದುಕೊಡುವುದು ಬಳೆ, ನಟ್ಟು, ಅಳತೆ. ಇದು ಹೊಟ್ಟೆಕಿಚ್ಚು ಎಂದು ನಿನಗೆ ಅನ್ನಿಸಿದರೆ ನಾನು ವಾದ ಮಾಡುವುದಿಲ್ಲ, ಸ್ವಲ್ಪ ಇರಬಹುದು. ಆದರೆ ಹೊಟ್ಟೆಕಿಚ್ಚು ಇದ್ದವಳು ಅಳೆದರೂ ಅಳತೆ ಅದೇ ಬರುತ್ತದೆ.

ಕೇಳುವುದು ಇಷ್ಟೇ. ಅಪ್ಪನಿಗೆ ಒಂದು ಸಾಲು ಬರಿ. "ಅಪ್ಪಾ, ಆ ಚಕ್ರ ನಮ್ಮ ಗಾಡಿಗೆ ಸರಿಯಿಲ್ಲ, ಬಿಚ್ಚಿಸಿಬಿಡಿ" ಅಂತ. ನಾನು ನೂರು ಸಲ ಹೇಳಿದರೂ ಅದು ಗೊಣಗಾಟ; ನೀನು ಒಂದು ಸಲ ಹೇಳಿದರೆ ಅವತ್ತೇ ಬಿಚ್ಚುತ್ತಾರೆ. ನೀನು ಗುಜರಿಗೆ ಹಾಕು ಎಂದಿದ್ದ ಹಳೆಯ ನಾಲ್ಕು ಕಬ್ಬಿಣದ ಚಕ್ರಗಳನ್ನು ನಾನು ಹಾಕಲಿಲ್ಲ. ತುಕ್ಕು ಉಜ್ಜಿ, ಬಣ್ಣ ಬಳಿದು, ಸರಿಯಾದ ಟೈರು ಕೂರಿಸಿ ಗೋಡೌನಿನಲ್ಲಿ ಇಟ್ಟಿದ್ದೇನೆ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ ಎಂದು ಬರೆಯಬೇಕು. ಈ ಪತ್ರದ ವಿಷಯ ಗೊತ್ತಿದ್ದರೆ ಹೇಳುತ್ತಿರಲಿಲ್ಲ, ಆದರೂ ಅವಳ ಆಶೀರ್ವಾದ ನಿನಗೆ ಯಾವಾಗಲೂ ಇದ್ದೇ ಇದೆ, ಅದರಲ್ಲಿ ಸುಳ್ಳೇನೂ ಇಲ್ಲ. ಜ್ಯಾಕ್ ಮಾಮ ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಕಿವಿ ತೋರಿಸು, ಮರೆಯಬೇಡ.

ಇಂತಿ,
ನಿನ್ನ ಅಕ್ಕ

ಮತ್ತೆ: ವಿಳಾಸ ಬರೆಯಲು ಕೂತಾಗ ಹೊಳೆಯಿತು. ಈ ಪತ್ರ ನಿನ್ನ ಕಂಪನಿಯ ಆಫೀಸಿಗೆ ಹೋಗಿ, ಅಲ್ಲಿಂದ ಯಾವುದೋ ಬಂದರಿಗೆ ಹೋಗಿ, ನಿನ್ನ ಕೈ ಸೇರುವಷ್ಟರಲ್ಲಿ ಅಮ್ಮನ ಪ್ಲಾಸ್ಟರನ್ನೇ ಬಿಚ್ಚಿರುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ನಿನ್ನ ಒಂದು ಸಾಲಿಗೆ ಕಾಯುತ್ತಿದ್ದೇನೆ ಎನ್ನುವ ನೆಪದಲ್ಲಿ ನಾನೂ ಅಮ್ಮನನ್ನು ಅದೇ ಚಕ್ರಗಳ ಗಾಡಿಯಲ್ಲಿ ಕೂರಿಸುವುದರಲ್ಲಿದ್ದೆ. ಕೆಳಗೆ ಹೋದೆ. ಅಪ್ಪ ಊಟ ಮಾಡಿ ಮಲಗಿದ್ದರು. ಜ್ಯಾಕ್ ಮಾಮ ಗಾಡಿ ಎತ್ತಿದರು, ಬಿಚ್ಚಿದ್ದು ನಾನು, ಹಳೆಯ ಚಕ್ರಗಳನ್ನು ಹಾಕಿ ಬಿಗಿದದ್ದೂ ನಾನು. ಎರಡು ಸಲ ಬಿಗಿದೆ. ನಿನ್ನವನ್ನು ಒರೆಸಿ ಗೋಡೌನಿನಲ್ಲಿ ಇಟ್ಟಿದ್ದೇನೆ; ಬಂದಾಗ ಅವಕ್ಕೆ ತಕ್ಕ ಗಾಡಿ ಹುಡುಕಿಕೋ. ಕೊಯ್ದ ತಗಡು ಮಾತ್ರ ಮತ್ತೆ ಬೆಳೆಯುವುದಿಲ್ಲ. ನೀನು ಆ ಸಾಲು ಬರೆಯಬೇಡ ಇನ್ನು. ಬರೆದರೆ ಚಕ್ರ ಬಿಚ್ಚಿದವನು ನೀನೇ ಆಗುತ್ತೀಯ. ಅಪ್ಪ ಎದ್ದಿದ್ದಾರೆ. "ಯಾರದು ಗಾಡಿಗೆ ಕೈ ಹಾಕಿದ್ದು?" ಎಂದು ಕೆಳಗಿನಿಂದ ಕೂಗುತ್ತಿದ್ದಾರೆ, ಈ ಸಲ ಅವರಿಗೆ ನಿಜವಾಗಿಯೂ ಗೊತ್ತಿಲ್ಲ. ಹೇಳಲು ಹೋಗುತ್ತಿದ್ದೇನೆ. ಇದನ್ನು ಇವತ್ತು ಅಂಚೆಗೆ ಹಾಕುವುದಿಲ್ಲ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ನಾನೇ ಗಾಡಿ ಓಡಿಸುವ ದಿನ, ದಾರಿಯಲ್ಲಿ ನಿಲ್ಲಿಸಿ ಹಾಕುತ್ತೇನೆ: ಮಂಗಳವಾರ, ಹದಿನೆಂಟನೇ ತಾರೀಖು.